ಡಾಕ್ಟರ ದನಿಯಲ್ಲಿ

ಡಾಕ್ಟರನ್ನು ಅಣಕಿಸಲು ಹೋಗಿ ಮನೆಯ ಗುಟ್ಟು ಬಯಲು ಮಾಡಿದ ಕೋತಿ ನಾನೇ. ಗಂಜಿ ಹಾಕಿದ ನೂಲಿನ ವಾಸನೆ ಬಂದರೆ ಈಗಲೂ ಆ ಮಧ್ಯಾಹ್ನ ನೆನಪಾಗುತ್ತದೆ.

ಆಸ್ಪತ್ರೆಯಿಂದ ಮರಳಿದ ಅಜ್ಜಿ ಮಗ್ಗಕ್ಕೆ ಕೂತಿದ್ದಳು. ಅವಳ ಕನ್ನಡಕವನ್ನು ನನ್ನ ಮೂಗಿನ ತುದಿಗೇರಿಸಿ, ಅಜ್ಜಿಯನ್ನು ತಮಿಳಲ್ಲಿ 'ಪಾಟಿ' ಎನ್ನುವ ಡಾಕ್ಟರು ಅಪ್ಪನಿಗೆ ಹೊರಗೆ ಪಿಸುಗುಟ್ಟಿದ್ದನ್ನು ಅವರದೇ ದನಿಯಲ್ಲಿ ಒಪ್ಪಿಸಿದೆ: "ಕ್ಯಾನ್ಸರ್ ಸಾರ್. ಪಾಟಿಗೆ ಬರೀ ಹುಣ್ಣು ಅಂತ ಹೇಳಿ."

ಮಗ್ಗ ನಿಂತಿತು. ಅಪ್ಪ ನನ್ನ ಕಿವಿ ಹಿಂಡಿದರು. ಆಗ ಹೊರಟ ದನಿ ಮಾತ್ರ ನನ್ನದೇ. ಅಜ್ಜಿ ಕಿವಿ ಬಿಡಿಸಿ, ನಮ್ಮಿಬ್ಬರನ್ನೂ ಎಳೆದುಕೊಂಡು ಮತ್ತೆ ತುಡಿಯಲೂರು ಆಸ್ಪತ್ರೆಗೆ ಬಸ್ಸು ಹತ್ತಿದಳು.

"ನೀವು ಹೆದರ್ತೀರಂತ ಹೇಳಲಿಲ್ಲ ಪಾಟಿ," ಅಂದರು ಡಾಕ್ಟರು.

ಅಜ್ಜಿ ತಮಿಳಲ್ಲೇ ಅವರನ್ನು ತಮ್ಮನೆಂದು ಕರೆದಳು: "ತಂಬಿ, ಎಳೆ ಹರಿದರೆ ಮಗ್ಗದಲ್ಲಿ ಕೂತೋಳಿಗೆ ಹೇಳ್ಬೇಕು, ಬಾಗಿಲಲ್ಲಿ ನಿಂತೋರಿಗಲ್ಲ. ಈಗ ನನ್ನ ಮುಖ ನೋಡ್ಕೊಂಡು ಮೊದಲಿಂದ ಹೇಳು."