ಮುದ್ದೆಯ ತುತ್ತು

"ಈ ಮಾತ್ರೆ ನುಂಗಿದ್ರೆ ಮೂತ್ರ ಕೆಂಪಗಾಗ್ಬೇಕಮ್ಮ," ಎನ್ನುತ್ತ ಆಸ್ಪತ್ರೆ ಲ್ಯಾಬಿನ ಬುಷ್ರಾ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಒಳಗಿದ್ದದ್ದು ತಿಳಿ ಹಳದಿ. "ಕಫದಲ್ಲೂ ಟಿ.ಬಿ. ಹಂಗೇ ಇದೆ."

ಮುನಿಶಾಮಮ್ಮ ನಂಬಲಿಲ್ಲ. ಐದು ತಿಂಗಳಿಂದ ದಿನಾ ಬೆಳಿಗ್ಗೆ ಗಂಡ ಬಯ್ಯಪ್ಪನ ಮಾತ್ರೆಗಳನ್ನು ರಾಗಿಮುದ್ದೆಯ ತುತ್ತಿನಲ್ಲಿ ಅದುಮಿ ಬಾಯಿಗಿಡುತ್ತಿದ್ದವಳು ಅವಳೇ. ಅಗಿಯದೆ ನುಂಗುವ ಮುದ್ದೆಯ ಜೊತೆ ಮಾತ್ರೆಯೂ ಇಳಿಯುತ್ತದೆಂಬ ಧೈರ್ಯ ಅವಳದು. "ಇವತ್ತೂ ನಮ್ಮೂರು ಸಾದಲೀಲಿ ಬಸ್ ಹತ್ತೋ ಮುಂಚೆ ನನ್ನ ಕೈಯಾರೆ ತಿನ್ಸಿದೀನಿ ಕಣಮ್ಮ. ಬಾಟಲಿ ಅದಲುಬದಲಾಗಿರ್ಬೇಕು."

ಬುಷ್ರಾ ಬಯ್ಯಪ್ಪನ ಕಡೆ ನೋಡಿದಳು. ಅವನು ತಲೆ ಎತ್ತಲಿಲ್ಲ. "ಮಾತ್ರೆ ನುಂಗಿದ್ರೆ ವಾಂತಿ ಬರ್ತಿತ್ತು," ಎಂದ. "ತುತ್ತು ದವಡೇಲಿಟ್ಕೊಂಡು ಹೋಗಿ ರೇಷ್ಮೆ ಹುಳುಮನೆ ಹಿಂದೆ ಉಗೀತಿದ್ದೆ."

"ಯಾವಾಗಿಂದ ತಾತ?"

"ಉಗಾದಿಯಿಂದ."

ಮುನಿಶಾಮಮ್ಮ ಅವನನ್ನು ಬೈಯಲಿಲ್ಲ. ಅವನ ತೊಡೆಯ ಮೇಲೆ ನಿದ್ದೆಹೋಗಿದ್ದ ಎರಡು ವರ್ಷದ ಮೊಮ್ಮಗಳನ್ನು ಎತ್ತಿ ಬುಷ್ರಾಳ ಮುಂದೆ ಹಿಡಿದಳು.

"'ನಂಗೆ ವಾಸಿಯಾಗೈತೆ, ಮಗೂನ ನನ್ನ ಪಕ್ಕ ಮಲಗ್ಸು' ಅಂತ ಇವ್ರು ಅಂದಿದ್ದೂ ಉಗಾದಿ ದಿನಾನೇ ಕಣಮ್ಮ. ಇವಳನ್ನೂ ನೋಡು."