ಟೈಪ್ ಆಗದೇ ಉಳಿದ ಕಾಗದ

ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ... ದಾವಣಗೆರೆಯ ಒಂದು ಆಸ್ಪತ್ರೆಯಲ್ಲಿ ವಿಶಾಲಾಕ್ಷಿ ಟೀಚರ್ ಡಯಾಲಿಸಿಸ್ ಮೆಷಿನ್ ಪಕ್ಕ ಮಲಗಿರುತ್ತಿದ್ದರು.

ಅವರ ಎಡಗೈಗೆ ಸೂಜಿ. ಆ ಕೈಯಲ್ಲಿ ಭಾರ ಎತ್ತಲೇಬಾರದು ಅಂತ ಡಾಕ್ಟರ್ ಹೇಳಿದ್ದರು. ಮನೆಯಲ್ಲಿದ್ದ ಹಳೇ ಲ್ಯಾಪ್‌ಟಾಪ್ ಮೂರು ಕೆಜಿ... ನೋಡಿದರೇ ಸುಸ್ತು!

ಒಂದು ಕೆಜಿಯೂ ತೂಗದ ಪುಟ್ಟ ಲ್ಯಾಪ್‌ಟಾಪ್ ಕೊಳ್ಳಬೇಕು, ಗಣಿತ ಅಂದರೆ ಜ್ವರ ಬರುವ ಮಕ್ಕಳಿಗಾಗಿ ಮಲಗಿದಲ್ಲೇ ಒಂದು ಪುಸ್ತಕ ಬರೆಯಬೇಕು ಅನ್ನೋದು ಅವರ ಆಸೆ.

ಪಕ್ಕದ ಬೆಡ್ಡಿನಲ್ಲಿ ಮೈಲಾರಪ್ಪ, ರಿಟೈರ್ಡ್ ಬಸ್ ಡ್ರೈವರ್. ಅವರಿಗೆ ಬಲಗೈಗೇ ಸೂಜಿ.

"ಟೀಚರ್ರೇ, ನಮ್ ತಮ್ಮಂಗೊಂದು ಕಾಗದ ಬರ್ಕೊಡ್ರೀ. ಮಾತು ಬಿಟ್ಟು ಹನ್ನೊಂದು ವರ್ಷ ಆತು. ಫೋನ್ ಮಾಡಿದ್ರೆ ಎತ್ತಂಗಿಲ್ಲ. ಮನ್ಯಾಗ ಬರದ್ರೆ ನನ್ ಮಗ ಹರ್ದು ಹಾಕ್ತಾನೆ. ಸಾಯಾದ್ರೊಳಗೆ ನಂದೇ ತಪ್ಪಾತು ಅನ್ನಬೇಕ್ರೀ..."

"ಲ್ಯಾಪ್‌ಟಾಪ್ ಬರಲಿ ಮೈಲಾರಪ್ಪೋರೆ, ನೀಟಾಗಿ ಟೈಪ್ ಮಾಡಿ ಕೊಡ್ತೀನಿ" ಅಂದರು ಟೀಚರ್.

ದೀಪಾವಳಿ ಬಂತು, ಆಫರ್ ಚೆನ್ನಾಗಿತ್ತು. ಆದರೆ ಅಂಗಡಿಯವನು, "ಸಂಕ್ರಾಂತಿಗೆ ಇನ್ನೂ ಹಗುರದ್ದು ಬರುತ್ತೆ ಮೇಡಂ" ಅಂದ. ಸಂಕ್ರಾಂತಿಗೆ ಬಂದದ್ದು ಹಗುರವಾಗಿತ್ತು, ಬ್ಯಾಟರಿ ಸಾಲದು. ಸರಿ, ಯುಗಾದಿಗೆ ನೋಡೋಣ...

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!

ಅವರನ್ನು ಬೈಯೋದು ಬೇಡ ಬಿಡಿ. ಆ ಮೆಷಿನ್ ಪಕ್ಕ ಮಲಗಿ ಎದ್ದವರಿಗೇ ಗೊತ್ತು ಆ ಆಯಾಸ ಎಂಥದ್ದು ಅಂತ. ಎಲ್ಲವನ್ನೂ ನಾಳೆಗೆ ತಳ್ಳೋದೇ ಅಭ್ಯಾಸವಾಗಿಬಿಡುತ್ತೆ.

ಮೈಲಾರಪ್ಪ ಕೇಳೋದನ್ನೇ ನಿಲ್ಲಿಸಿದರು.

ಒಂದು ಗುರುವಾರ ಟೀಚರ್ ಪಕ್ಕಕ್ಕೆ ತಿರುಗಿ ನೋಡುತ್ತಾರೆ... ಮೈಲಾರಪ್ಪ ಹೊಟ್ಟೆಯ ಮೇಲೆ ರಟ್ಟು ಇಟ್ಟುಕೊಂಡು, ಎಡಗೈಯಲ್ಲಿ ಪೆನ್ನು ಹಿಡಿದು ಒದ್ದಾಡುತ್ತಿದ್ದಾರೆ. ಹಣೆ ತುಂಬಾ ಬೆವರು.

"ಮೂರು ವಾರ ಆತ್ರೀ ಶುರು ಮಾಡಿ. ಆರು ಸಾಲು ಆಗ್ಯಾವು ನೋಡ್ರಿ!" ಅಂತ ನಕ್ಕರು.

ಟೀಚರ್ ತಮ್ಮ ಬಲಗೈ ನೋಡಿಕೊಂಡರು. ಸೂಜಿ ಇಲ್ಲದ ಕೈ. ಇಪ್ಪತ್ತೆರಡು ವರ್ಷ ಬೋರ್ಡ್ ಮೇಲೆ ಬರೆದ ಕೈ. ಆರು ತಿಂಗಳಿಂದ ಸುಮ್ಮನೆ ಹಾಸಿಗೆಯ ಮೇಲೆ ಬಿದ್ದಿತ್ತು.

ನಾಚಿಕೆಯಿಂದ ಅವರಿಗೆ ಕಣ್ಣೀರು ಬಂತು. "ಇಲ್ಲಿ ಕೊಡಿ, ನಾನು ಬರೀತೀನಿ..."

"ಮುಗೀತು ಬಿಡ್ರೀ. ಅಡ್ರೆಸ್ ಬರ್ದು ಪೋಸ್ಟಿಗೆ ಹಾಕ್ರಿ, ಸಾಕು."

ಟೀಚರ್ ಹಾಗೇ ಮಾಡಿದರು.

ಮುಂದಿನ ವಾರ ಮೈಲಾರಪ್ಪನವರ ಬೆಡ್ ಪಕ್ಕ ಒಬ್ಬರು ಮುದುಕರು ಕೂತಿದ್ದರು. ತಮ್ಮ! ಕೈಯಲ್ಲಿ ಅದೇ ಕಾಗದ. ಅಣ್ಣ ತಮ್ಮ ಇಬ್ಬರೂ ಮಕ್ಕಳ ಹಾಗೆ ಅಳುತ್ತಿದ್ದರು.

"ನಮ್ಮಣ್ಣನ ಅಕ್ಷರ ಮುತ್ತಿನಂಗೆ ಇದ್ವು ಮೇಡಂ. ಈ ಸೊಟ್ಟ ಅಕ್ಷರ ನೋಡಿ, ಅಣ್ಣಂಗೆ ಏನಾತಪ್ಪಾ ಅಂತ ಎದಿ ಧಸಕ್ ಅಂತು. ಸಿಕ್ಕ ಬಸ್ ಹತ್ತಿ ಬಂದ್ಬಿಟ್ಟೆ. ನೀವು ಟೈಪ್ ಮಾಡಿ ಕೊಡ್ತೀನಿ ಅಂದಿದ್ರಂತಲ್ರೀ, ಹಂಗೆ ಬಂದಿದ್ರೆ, ವಕೀಲರ ನೋಟೀಸು ಅಂತ ಓದದೇ ಒಲಿಗೆ ಹಾಕ್ತಿದ್ನೇನೋ!"

ಅಂದು ಸಂಜೆ ಅಂಗಡಿಯಿಂದ ಫೋನ್ ಬಂತು. "ಮೇಡಂ, ಹೊಸ ಮಾಡೆಲ್ ಬಂದಿದೆ. ಬ್ಯಾಟರೀನೂ ಸೂಪರ್! ಯಾವಾಗ ಬರ್ತೀರಾ?"

ಟೀಚರ್ ಮುಂದೆ ನೂರು ಪುಟದ ಒಂದು ನೋಟ್‌ಬುಕ್ ಇತ್ತು. ಆಸ್ಪತ್ರೆ ಗೇಟಿನ ಹತ್ತಿರ ಕೊಂಡದ್ದು. ಮೊದಲನೇ ಪುಟದಲ್ಲಿ ಆಗಲೇ ಒಂದು ಲೆಕ್ಕ ಬರೆದಾಗಿತ್ತು.

"ಈ ನೋಟ್‌ಬುಕ್ ತುಂಬಿದ ದಿನ ಬರ್ತೀನಪ್ಪಾ... ಅವತ್ತು ಯಾವ ಮಾಡೆಲ್ ಇದ್ರೂ ಸರಿ."

ಕೆಲಸ ಶುರು ಮಾಡಿದವರಿಗೆ ಮಾತ್ರ ಗೊತ್ತಾಗುತ್ತೆ, ಸಾಧನ ಯಾವಾಗ ಬೇಕು ಅಂತ.

"ಅದೊಂದು ಬರಲಿ, ಆಮೇಲೆ..." ಅಂತ ನೀವು ಯಾರನ್ನು ಕಾಯಿಸ್ತಾ ಇದ್ದೀರಿ?