ಎತ್ತಿದ ಕೈ

"ಅಷ್ಟರಲ್ಲಿ ಫೋನು ಬಡಕೊಳ್ತು," ಎಂದು ತೂದಾ ಬಲಗೈ ಮೇಲೆತ್ತಿ ಕಥೆ ನಿಲ್ಲಿಸಿದಳು. ಮರಾಕೇಶಿನ ಚೌಕದಲ್ಲಿ ಸುತ್ತುಗಟ್ಟಿದ್ದ ಜನ ಉಸಿರು ಬಿಗಿಹಿಡಿದರು. ಕಥೆ ಹೇಳುವುದನ್ನು ಕಲಿಸಿದ ಮುದುಕ ಲಹ್ಸೆನ್ ತಲೆದೂಗಿದ. ಅವನು ಹೇಳಿದ್ದೇ ಅದು: "ಸುಲ್ತಾನರ ಕಥೆ ಸಾಕು ಮಗಳೇ, ನಿನ್ನ ಕರುಳು ಸುಟ್ಟಿದ್ದನ್ನ ಹೇಳು. ಜನ 'ಆಮೇಲೆ?' ಅನ್ನೋವರೆಗೂ ಎತ್ತಿದ ಕೈ ಇಳಿಸಬೇಡ."

ಅದಕ್ಕೇ ಅವಳು, ಸ್ಪೇನಿಗೆಂದು ದೋಣಿ ಹತ್ತಿದ ತನ್ನ ತಮ್ಮ ಮೂಹಾನ ಕಥೆ ಎತ್ತಿಕೊಂಡಿದ್ದಳು. ದೋಣಿ ಮುಳುಗಿ ಅವನು ಸತ್ತನೆಂದು ಫೋನಿನಲ್ಲಿ ಬಂದ ಸುದ್ದಿಯನ್ನು ಮನೆಯಲ್ಲಿ ಮುಚ್ಚಿಟ್ಟಿದ್ದಳು. ಅವ್ವನ ಪಾಲಿಗೆ ಮಗ ಸ್ಪೇನಿನ ಹೊಲದಲ್ಲಿ ಟೊಮೆಟೊ ಕೀಳುತ್ತಿದ್ದ.

ಮಗಳಿಗೆ ರೊಟ್ಟಿ ತಂದಿದ್ದ ಅವ್ವ ಆಗ ಗುಂಪು ಸೀಳಿಕೊಂಡು ಬಂದು ಎದುರಿಗೇ ಕೂತಳು. ಮುಖ ಅರಳಿತ್ತು.

"ನಮ್ಮ ಮೂಹಾನ ಕಥೆಯೇನೇ? ಹೇಳೇ, ಆಮೇಲೆ?"

"ಆಮೇಲೆ?" ಎಂದರು ಜನ.

ತೂದಾಳ ಕೈ ಇಳಿಯಲಿಲ್ಲ.